ರಿಮೋಟು ಮುನಿಸಿಕೊಂಡಾಗ

ಸಾಗರ ತಾಲ್ಲೂಕಿನ ಅಡಕೆ ತೋಟಗಳ ನಡುವಿನ ಒಂದು ಮನೆ. ಹೊರಗೆ ಆಷಾಢದ ಜಡಿಮಳೆ. ಗೋಡೆಯ ಗಡಿಯಾರ ನಾಲ್ಕು ತೋರಿಸುತ್ತಿದ್ದಂತೆ ಮಂಚದ ಮೇಲಿದ್ದ ಅಜ್ಜ ಎಡಗೈ ಬೆರಳಿನಿಂದ ಮಂಚದ ಅಂಚನ್ನು ಕುಟ್ಟತೊಡಗಿದರು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಅವರ ಬಲಗೈ, ಬಲಗಾಲು ಸ್ವಾಧೀನ ತಪ್ಪಿವೆ. ಮಾತು ಹೊರಡುವುದಿಲ್ಲ. ಕಿವಿ ಮಾತ್ರ ಚುರುಕು. ಒಂದು ಕಾಲಕ್ಕೆ ಸುತ್ತಲ ಹತ್ತೂರಿನ ತಾಳಮದ್ದಳೆ ಕೂಟಗಳಲ್ಲಿ ಅರ್ಥ ಹೇಳುತ್ತಿದ್ದ ಜೀವ ಅದು. ಬೆಂಗಳೂರಿನ ಮಗ ಕಳೆದ ವರ್ಷ ಬಂದಾಗ ಟೀವಿಯ ಬೆನ್ನಿಗೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಪೆಟ್ಟಿಗೆ ಸಿಕ್ಕಿಸಿ, ಅದನ್ನು ಇಂಟರ್ನೆಟ್ಟಿಗೆ ಜೋಡಿಸಿ, ಯೂಟ್ಯೂಬಿನಲ್ಲಿ ತಾಳಮದ್ದಳೆ ಹಾಕಿಕೊಳ್ಳುವುದು ಹೇಗೆಂದು ಅಮ್ಮನಿಗೆ ಕಲಿಸಿ ಹೋಗಿದ್ದ. ಅಂದಿನಿಂದ ದಿನಾ ನಾಲ್ಕು ಗಂಟೆಗೆ ಭಾಗವತರ ಪದ ಕೇಳಿಸಿತೆಂದರೆ ಅಜ್ಜನ ಮುಖದಲ್ಲಿ ಕಳೆ ಬರುತ್ತದೆ. ಅರ್ಥಧಾರಿಗಳ ಮಾತಿಗೆ ತುಟಿ ಅಲುಗುತ್ತದೆ. ಅಜ್ಜಿಗೆ ಅದೇ ಔಷಧಿ, ಅದೇ ಆಸ್ಪತ್ರೆ.

ಅಂದು ಅಜ್ಜಿ ರಿಮೋಟಿನ ಗುಂಡಿ ಒತ್ತಿದರು. ಪರದೆ ಕದಲಲಿಲ್ಲ. ಇನ್ನೊಮ್ಮೆ ಒತ್ತಿದರು, ಗಟ್ಟಿಯಾಗಿ ಒತ್ತಿದರು, ಟೀವಿಯ ಹತ್ತಿರ ಹೋಗಿ ಒತ್ತಿದರು. ಊಹೂಂ.

ಆಮೇಲೆ ನಮ್ಮ ನಾಡಿನ ಮನೆಮನೆಗೂ ಗೊತ್ತಿರುವ ಚಿಕಿತ್ಸೆಗಳೆಲ್ಲ ನಡೆದವು. ರಿಮೋಟನ್ನು ಅಂಗೈಗೆ ಎರಡೇಟು ಬಡಿದದ್ದಾಯಿತು. ಬೆನ್ನಿನ ಮುಚ್ಚಳ ತೆಗೆದು ಸೆಲ್ಲುಗಳನ್ನು ಹೆಬ್ಬೆರಳಿನಿಂದ ಉರುಳಿಸಿದ್ದಾಯಿತು. ಟಾರ್ಚಿನ ಕಾಲದಿಂದ ಬಂದ ರೂಢಿಯಂತೆ ಸೆಲ್ಲುಗಳನ್ನು ಬಿಸಿಲಿಗೆ ಇಡಬೇಕು, ಆದರೆ ಆಷಾಢದಲ್ಲಿ ಬಿಸಿಲೆಲ್ಲಿಂದ ಬರಬೇಕು? ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟರು. ಹತ್ತು ನಿಮಿಷ ಬಿಟ್ಟು ಹಾಕಿದಾಗ ರಿಮೋಟಿನ ತುದಿಯಲ್ಲಿ ಸಣ್ಣ ದೀಪವೊಂದು ಮಿಣುಕಿತು. ಪರದೆ ಮಾತ್ರ ಹಾಗೇ ಇತ್ತು. 'ನಾನೇ ಏನೋ ಒತ್ತಬಾರದ್ದು ಒತ್ತಿ ಹಾಳು ಮಾಡಿದೆ' ಎಂದು ಅಜ್ಜಿಗೆ ಅಳುಕು ಶುರುವಾಯಿತು. ಮಂಚದ ಅಂಚಿನ ಕುಟ್ಟುವಿಕೆ ನಿಂತಿರಲಿಲ್ಲ.

ಇದು ಒಂದೇ ಮನೆಯ ಕತೆಯಲ್ಲ. ಟೀವಿಯ ಬೆನ್ನಿಗೆ ಇಂಟರ್ನೆಟ್ ಪೆಟ್ಟಿಗೆಯೋ ಕಡ್ಡಿಯೋ ಬಂದು ಕೂತ ಮನೆಗಳಲ್ಲೆಲ್ಲ ಈ ಪ್ರಸಂಗ ಒಂದಲ್ಲ ಒಂದು ದಿನ ನಡೆಯುತ್ತದೆ. ಟೀವಿಯ ಮೈಮೇಲಾದರೂ ಒಂದೆರಡು ಗುಂಡಿಗಳಿರುತ್ತವೆ. ಹೆಚ್ಚಿನ ಪೆಟ್ಟಿಗೆಗಳ ಮೈಮೇಲೆ ಅದೂ ಇಲ್ಲ. ರಿಮೋಟು ಸತ್ತರೆ ಪೆಟ್ಟಿಗೆ ಜೀವವಿದ್ದೂ ಕೈಗೆ ಸಿಗದು, ಕೀಲಿಕೈ ಕಳೆದುಹೋದ ತಿಜೋರಿಯ ಹಾಗೆ. ಇಂಥ ಹೊತ್ತಿನಲ್ಲಿ ಗಾಬರಿ ಬೇಡ. ಹತ್ತರಲ್ಲಿ ಒಂಬತ್ತು ರಿಮೋಟುಗಳು ಸತ್ತಿರುವುದಿಲ್ಲ, ಮುನಿಸಿಕೊಂಡಿರುತ್ತವೆ ಎಂದುಕೊಂಡೇ ಕೆಲಸಕ್ಕೆ ಕೂರುವುದು ವಾಸಿ. ಮುನಿಸಿಗೆ ಕಾರಣ ಹುಡುಕಬೇಕಾದರೆ ಮೊದಲು ಅದು ಮಾತಾಡುವ ಭಾಷೆ ಯಾವುದೆಂದು ತಿಳಿಯಬೇಕು.

ಬೆಳಕಿನ ಭಾಷೆ, ರೇಡಿಯೊ ಭಾಷೆ

ತಂತಿಯಿಲ್ಲದೆ ಟೀವಿಯನ್ನು ಆಳುವ ಮೊದಲ ಸಾಧನ ಮಾರುಕಟ್ಟೆಗೆ ಬಂದದ್ದು 1955ರಲ್ಲಿ. ಅಮೆರಿಕದ ಜೆನಿತ್ ಕಂಪನಿಯ ಎಂಜಿನಿಯರ್ ಯೂಜಿನ್ ಪಾಲಿ ರೂಪಿಸಿದ 'ಫ್ಲ್ಯಾಶ್‌ಮ್ಯಾಟಿಕ್' ಅದು. ನೋಡಲು ಪಿಸ್ತೂಲಿನಂತಿದ್ದ ಟಾರ್ಚು. ಟೀವಿಯ ನಾಲ್ಕು ಮೂಲೆಗಳಲ್ಲಿ ನಾಲ್ಕು ಬೆಳಕಿನ ಕಣ್ಣುಗಳು. ಒಂದೊಂದು ಮೂಲೆಗೆ ಬೆಳಕು ಹಾಯಿಸಿದರೆ ಒಂದೊಂದು ಕೆಲಸ. ತೊಂದರೆಯೆಂದರೆ, ಕಿಟಕಿಯಿಂದ ಬಿಸಿಲು ಬಿದ್ದರೂ ಟೀವಿ ತಾನಾಗಿಯೇ ಚಾನೆಲ್ ಬದಲಿಸುತ್ತಿತ್ತು! ಮರುವರ್ಷ, 1956ರಲ್ಲಿ, ಅದೇ ಕಂಪನಿಯ ರಾಬರ್ಟ್ ಆಡ್ಲರ್ ಬೆಳಕನ್ನು ಬಿಟ್ಟು ಸದ್ದನ್ನು ಹಿಡಿದರು. ಗುಂಡಿ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಸರಳಿಗೆ ಬಡಿಯುತ್ತದೆ. ಮನುಷ್ಯರ ಕಿವಿಗೆ ಕೇಳಿಸದಷ್ಟು ಕೀಚಲಾದ ಆ ಸ್ವರವನ್ನು ಟೀವಿ ಕೇಳಿಸಿಕೊಳ್ಳುತ್ತದೆ. ಆ ರಿಮೋಟಿಗೆ ಸೆಲ್ಲೇ ಬೇಕಿರಲಿಲ್ಲ. ಇಂದಿನ ರಿಮೋಟುಗಳ ಅರ್ಧ ಕಷ್ಟ ಅಂದು ಇರಲೇ ಇಲ್ಲ ಎನ್ನಿ.

ಎಂಬತ್ತರ ದಶಕದಲ್ಲಿ ಈ ಸದ್ದಿನ ರಿಮೋಟುಗಳು ಹಿಂದೆ ಸರಿದು ಅವಕೆಂಪು ಬೆಳಕಿನ ರಿಮೋಟುಗಳು ಬಂದವು. ಮನೆಯ ಟೀವಿ, ಏಸಿ, ಫ್ಯಾನಿನ ರಿಮೋಟುಗಳಲ್ಲಿ ಇಂದಿಗೂ ಹೆಚ್ಚಿನವು ಇದೇ ಜಾತಿ. ನಮ್ಮ ಕಣ್ಣು ಕಾಣುವ ಕೆಂಪಿನ ಗಡಿ ಸುಮಾರು 700 ನ್ಯಾನೊಮೀಟರ್ ಅಲೆಯುದ್ದಕ್ಕೆ ಮುಗಿಯುತ್ತದೆ. ರಿಮೋಟಿನ ತುದಿಯ ದೀಪ ಉರಿಯುವುದು ಸುಮಾರು 940 ನ್ಯಾನೊಮೀಟರಿನಲ್ಲಿ. ಉರಿಯುವುದೆಂದರೆ ಸುಮ್ಮನೆ ಉರಿಯುವುದಲ್ಲ, ಸೆಕೆಂಡಿಗೆ ಸುಮಾರು 38 ಸಾವಿರ ಸಲ ಮಿಟುಕಿಸುತ್ತದೆ. ಆ ಮಿಟುಕನ್ನು ಬಿಟ್ಟು ಬಿಟ್ಟು ಕಳಿಸಿದಾಗ 'ದನಿ ಹೆಚ್ಚಿಸು', 'ಆರಿಸು' ಎಂಬ ಸಂಕೇತಗಳಾಗುತ್ತವೆ. ಬಿಸಿಲು ಬಿದ್ದ ಮಾತ್ರಕ್ಕೆ ಈಗಿನ ಟೀವಿ ಚಾನೆಲ್ ಬದಲಿಸದಿರುವುದು ಈ ವಿಶೇಷ ತಾಳದಿಂದಾಗಿ. ಆದರೂ ಬೆಳಕು ಬೆಳಕೇ. ಅಡ್ಡ ಯಾರಾದರೂ ನಿಂತರೆ, ಟೀವಿಯ ಕಣ್ಣಿಗೆ ಹೂದಾನಿ ಮರೆಯಾದರೆ, ಸಂದೇಶ ಮುಟ್ಟದು.

ಹೊಸ ಪೆಟ್ಟಿಗೆಗಳ ರಿಮೋಟು ಹೀಗಲ್ಲ. ಪೆಟ್ಟಿಗೆ ಟೀವಿಯ ಬೆನ್ನಿಗೆ ಅಡಗಿ ಕೂತಿರುತ್ತದಲ್ಲ, ಅಲ್ಲಿಗೆ ಬೆಳಕು ತಲುಪುವುದು ಹೇಗೆ? ಅದಕ್ಕೇ ಅವು ಬ್ಲೂಟೂತ್ ಎಂಬ ರೇಡಿಯೊ ಭಾಷೆಯಲ್ಲಿ ಮಾತಾಡುತ್ತವೆ. ರೇಡಿಯೊ ಅಲೆಗೆ ಗುರಿಯಿಡಬೇಕಿಲ್ಲ. ರಿಮೋಟನ್ನು ಕಂಬಳಿಯೊಳಗಿಟ್ಟು ಒತ್ತಿದರೂ ನಡೆಯುತ್ತದೆ. ಆದರೆ ಇಲ್ಲಿ ಇನ್ನೊಂದು ಕರಾರಿದೆ. ಬೆಳಕಿನ ರಿಮೋಟು ಬೀದಿಯಲ್ಲಿ ನಿಂತು ಕೂಗುವ ಮಾರಾಟಗಾರನಂತೆ, ಕೇಳಿಸಿಕೊಂಡವರೆಲ್ಲ ಗಿರಾಕಿಗಳೇ. ರೇಡಿಯೊ ರಿಮೋಟು ಹಾಗೆ ಕೂಗುವುದಿಲ್ಲ. ಮೊದಲೇ ಪರಿಚಯ ಮಾಡಿಸಿದ ಒಂದೇ ಪೆಟ್ಟಿಗೆಯ ಕಿವಿಯಲ್ಲಿ ಗುಟ್ಟು ಹೇಳುತ್ತದೆ. ಆ ಪರಿಚಯಕ್ಕೆ 'ಪೇರಿಂಗ್' ಎಂದು ಹೆಸರು. ಪರಿಚಯ ಮರೆತರೆ ಸೆಲ್ಲು ಹೊಸದಿದ್ದರೂ ಮಾತುಕತೆ ಇಲ್ಲ.

ಎರಡು ನಾಲಿಗೆಯ ಕೋಲು

ಈಗಿನ ಬಹಳಷ್ಟು ಪೆಟ್ಟಿಗೆ ರಿಮೋಟುಗಳಿಗೆ ಎರಡು ನಾಲಿಗೆ. ಬಾಣದ ಗುಂಡಿ, ಮನೆಯ ಚಿತ್ರವಿರುವ ಹೋಂ ಗುಂಡಿ, ಮಾತಿನಲ್ಲಿ ಹುಡುಕುವ ಮೈಕಿನ ಗುಂಡಿ, ಇವೆಲ್ಲ ರೇಡಿಯೊ ಮೂಲಕ ಪೆಟ್ಟಿಗೆಗೆ ಹೋಗುತ್ತವೆ. ದನಿಯ ಏರಿಳಿತ ಮತ್ತು ಟೀವಿಯ ಪವರ್ ಗುಂಡಿ ಸಾಮಾನ್ಯವಾಗಿ ಅವಕೆಂಪು ಬೆಳಕಿನ ಮೂಲಕ ನೇರ ಟೀವಿಗೇ ಹೋಗುತ್ತವೆ. ರೋಗ ಪತ್ತೆಗೆ ಇದೊಂದು ಒಳ್ಳೆಯ ನಾಡಿ.

ದನಿ ಏರಿಳಿಯುತ್ತದೆ, ಬಾಣ ಮಾತ್ರ ಕದಲುತ್ತಿಲ್ಲ ಎಂದಾದರೆ, ಪರಿಚಯ ತಪ್ಪಿರಬೇಕು ಇಲ್ಲವೆ ಪೆಟ್ಟಿಗೆಯೇ ಮಂಕಾಗಿರಬೇಕು. ಬಾಣ ಓಡಾಡುತ್ತದೆ, ದನಿ ಮಾತ್ರ ಇಲ್ಲ ಎಂದರೆ ಪೆಟ್ಟಿಗೆಯ ಸೆಟ್ಟಿಂಗ್ಸ್‌ನಲ್ಲಿ ಟೀವಿಯ ಕಂಪನಿಯನ್ನು ಮತ್ತೆ ಆರಿಸಿ ತೋರಿಸಬೇಕು. ಎರಡೂ ಇಲ್ಲವಾದರೆ ಮೊದಲ ಅನುಮಾನ ಸೆಲ್ಲಿನ ಮೇಲೆ.

ಬೆಳಕಿನ ದೀಪ ಉರಿಯುತ್ತಿದೆಯೇ ಎಂದು ನೋಡಲು ಒಂದು ಸುಲಭ ಉಪಾಯವಿದೆ. ಮೊಬೈಲಿನ ಕ್ಯಾಮೆರಾ ತೆರೆದು, ರಿಮೋಟಿನ ತುದಿಯನ್ನು ಅದರತ್ತ ಹಿಡಿದು ದನಿಯ ಗುಂಡಿ ಒತ್ತಿ. ನಮ್ಮ ಕಣ್ಣಿಗೆ ಕಾಣದ ದೀಪ ಮೊಬೈಲಿನ ಪರದೆಯಲ್ಲಿ ನಸುನೇರಳೆ ಚುಕ್ಕೆಯಾಗಿ ಮಿನುಗುತ್ತದೆ. ಹಿಂಬದಿಯ ಕ್ಯಾಮೆರಾದಲ್ಲಿ ಈ ಬೆಳಕನ್ನು ತಡೆಯುವ ಸೋಸುಗಾಜು ಇರುವುದರಿಂದ ಕಾಣದೆ ಹೋಗಬಹುದು, ಆಗ ಸ್ವಂತ ಚಿತ್ರ ತೆಗೆದುಕೊಳ್ಳುವ ಮುಂದಿನ ಕ್ಯಾಮೆರಾದಲ್ಲಿ ನೋಡಿ. ಬಾಣದ ಗುಂಡಿ ಒತ್ತಿ ಇದೇ ಪರೀಕ್ಷೆ ಮಾಡಿ ಏನೂ ಕಾಣಲಿಲ್ಲವೆಂದು ನಿರಾಶರಾಗಬೇಡಿ. ರೇಡಿಯೊ ಅಲೆಯನ್ನು ಯಾವ ಕ್ಯಾಮೆರಾವೂ ಕಾಣದು.

ದೂರವಾಣಿಯ ಆಚೆಯ ದನಿ

ಸಾಗರದ ಅಜ್ಜಿಗೆ ಇದೆಲ್ಲ ಹೇಳಿಕೊಡುವವರು ಆ ಹೊತ್ತಿನಲ್ಲಿ ಯಾರೂ ಇರಲಿಲ್ಲ. ಮಗ ಮೀಟಿಂಗಿನಲ್ಲಿದ್ದ, ಫೋನು ಎತ್ತಲಿಲ್ಲ. ಪಕ್ಕದ ಮನೆಯ ಪಿಯುಸಿ ಹುಡುಗ ಕಾಲೇಜಿನಿಂದ ಬರುವುದು ಐದೂವರೆಯ ಬಸ್ಸಿಗೆ. ಅಜ್ಜಿ ಮೊಬೈಲಿನ ಮೈಕಿಗೆ ಪೆಟ್ಟಿಗೆಯ ಹೆಸರು ಹೇಳಿ, 'ರಿಮೋಟು ರಿಪೇರಿ ಫೋನ್ ನಂಬರು' ಎಂದರು. ನಂಬರು ಬಂತು. ಮೊದಲ ರಿಂಗಿಗೇ ಒಬ್ಬ ಎತ್ತಿದ. ಬಲು ವಿನಯ. 'ಅಮ್ಮಾ, ನಿಮ್ಮ ಪೆಟ್ಟಿಗೆಯ ರಿಜಿಸ್ಟ್ರೇಷನ್ ಮುಗಿದಿದೆ. ಹತ್ತು ರೂಪಾಯಿ ಕಟ್ಟಿದರೆ ಸಾಕು, ಈಗಲೇ ಸರಿಯಾಗುತ್ತೆ. ಫೋನಿಗೊಂದು ಆ್ಯಪ್ ಹಾಕಿಕೊಳ್ಳಿ, ನಾನು ಇಲ್ಲಿಂದಲೇ ನೋಡಿ ಹೇಳ್ತೀನಿ' ಎಂದ.

ಹತ್ತೇ ರೂಪಾಯಿ! ಅಜ್ಜಿ ಒಪ್ಪಿಬಿಟ್ಟಿದ್ದರು. ಆದರೆ ಆ್ಯಪ್ ಹಾಕುವುದು ಗೊತ್ತಿರಲಿಲ್ಲ. 'ಸ್ವಲ್ಪ ತಡಿ ಮಗಾ, ಪಕ್ಕದ ಮನೆ ಮಾಣಿ ಬರ್ತಾನೆ' ಎಂದರು. ಅಷ್ಟು ಹೊತ್ತಿನ ವಿನಯ ಮಾಯವಾಗಿ ಆ ದನಿ ಗದರತೊಡಗಿತು. 'ಈಗಲೇ ಮಾಡದಿದ್ದರೆ ಲೈನೇ ಬಂದ್ ಆಗುತ್ತೆ' ಎಂದಿತು. ಗದರಿಸಿದ್ದೇ ಒಳ್ಳೆಯದಾಯಿತು. ನಲವತ್ತು ವರ್ಷ ಮನೆ ನಡೆಸಿದ ಅಜ್ಜಿಗೆ ಗದರುವ ಅಂಗಡಿಯವನ ಹತ್ತಿರ ವ್ಯಾಪಾರ ಮಾಡಿ ಅಭ್ಯಾಸವಿಲ್ಲ. ಫೋನು ಇಟ್ಟರು. ಆ ಫೋನಿಗೇ ಜೋಡಿಸಿದ್ದ ಬ್ಯಾಂಕಿನ ಖಾತೆಯಲ್ಲಿ ಆ ವರ್ಷದ ಅಡಕೆ ಮಾರಿದ ದುಡ್ಡು, ಅಜ್ಜನ ಔಷಧಿಯ ದುಡ್ಡು ಎರಡೂ ಇದ್ದವು.

ಇದು ಇಂದಿನ ದೊಡ್ಡ ಹಾವಳಿ. ಹುಡುಕಿದಾಗ ಸಿಗುವ 'ಗ್ರಾಹಕ ಸೇವೆ'ಯ ನಂಬರುಗಳಲ್ಲಿ ಕಳ್ಳರು ನೆಟ್ಟ ನಂಬರುಗಳೂ ಇರುತ್ತವೆ. ಅವರು ಹಾಕಿಸುವ ಆ್ಯಪ್ ನಿಮ್ಮ ಫೋನಿನ ಪರದೆಯನ್ನು ಅವರ ಕಣ್ಣೆದುರು ಬಿಚ್ಚಿಡುತ್ತದೆ. ಬ್ಯಾಂಕಿನಿಂದ ಬರುವ ಓಟಿಪಿ, ಒತ್ತುವ ಪಿನ್ನು ಎಲ್ಲ ಅವರಿಗೆ ಬಯಲು. ಹತ್ತು ರೂಪಾಯಿ ಬರೀ ಎರೆ. ನೆನಪಿಡಬೇಕಾದ ಮಾತು ಇಷ್ಟೆ: ಹಾಳಾದ ರಿಮೋಟನ್ನು ಸರಿಮಾಡಲು ಯಾರಿಗೂ ನಿಮ್ಮ ಫೋನಿನ ಪರದೆ ಕಾಣಬೇಕಿಲ್ಲ. ಸಹಾಯವಾಣಿಯ ನಂಬರು ಬೇಕಿದ್ದರೆ ಪೆಟ್ಟಿಗೆಯ ಜೊತೆ ಬಂದ ಚೀಟಿಯಲ್ಲಿ ಅಥವಾ ಕಂಪನಿಯ ಸ್ವಂತ ಆ್ಯಪ್‌ನಲ್ಲಿ ನೋಡಿ. ಅಪ್ಪಿತಪ್ಪಿ ದುಡ್ಡು ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನಾಗದೆ ತಕ್ಷಣ 1930ಕ್ಕೆ ಫೋನು ಮಾಡಿ. ಸೈಬರ್ ವಂಚನೆಯ ದೂರಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ ಅದು. ಎಷ್ಟು ಬೇಗ ತಿಳಿಸುತ್ತೀರೋ ಹಣ ಕಳ್ಳನ ಕೈ ಸೇರದಂತೆ ತಡೆಯುವ ಅವಕಾಶ ಅಷ್ಟು ಹೆಚ್ಚು.

ಮಾಣಿಯ ತಪಾಸಣೆ

ಐದೂವರೆಯ ಬಸ್ಸಿಳಿದ ಹುಡುಗ ಕೊಡೆಯನ್ನು ಜಗಲಿಯಲ್ಲಿ ಒರಗಿಸಿ ಒಳಗೆ ಬಂದ. 'ಎಂತ ಆಯ್ತೋ ಮಾಣಿ ಇದಕ್ಕೆ? ನಾನೇ ಹಾಳು ಮಾಡಿದೆನಾ?' ಎಂದರು ಅಜ್ಜಿ. 'ಅಷ್ಟು ಸುಲಭಕ್ಕೆ ಹಾಳಾಗಲ್ಲ ಅಜ್ಜಿ, ಇರಿ' ಎಂದು ಹುಡುಗ ಮೊದಲು ಕೈಹಾಕಿದ್ದು ರಿಮೋಟಿಗಲ್ಲ, ಟೀವಿಗೆ.

ಅದು ಸರಿಯಾದ ಕ್ರಮ. ಎಷ್ಟೋ ಸಲ ರಿಮೋಟು ನಿರಪರಾಧಿ. ಟೀವಿಗೆ ಎರಡು ಮೂರು ಎಚ್‌ಡಿಎಂಐ ಕಿಂಡಿಗಳಿರುತ್ತವೆ. ಯಾರೋ ತಿಳಿಯದೆ 'ಇನ್‌ಪುಟ್' ಗುಂಡಿ ಒತ್ತಿದರೆ ಟೀವಿ ಬೇರೆ ಕಿಂಡಿಯನ್ನು ನೋಡುತ್ತಾ ಕೂರುತ್ತದೆ. ಪೆಟ್ಟಿಗೆ ಇತ್ತ ಹೇಳಿದಂತೆ ಕುಣಿಯುತ್ತಿದ್ದರೂ ನೋಡುವವರಿಲ್ಲ. ಪರದೆಯ ಮೇಲೆ 'ನೋ ಸಿಗ್ನಲ್' ಎಂದಿದ್ದರೆ ಮೊದಲು ಟೀವಿಯ ರಿಮೋಟಿನಿಂದ ಕಿಂಡಿ ಬದಲಿಸಿ ನೋಡಬೇಕು.

ಎರಡನೆಯದು ಪೆಟ್ಟಿಗೆಯ ಮಂಕು. ಟೀವಿ ಆರಿಸಿದ ಮಾತ್ರಕ್ಕೆ ಪೆಟ್ಟಿಗೆ ಆರುವುದಿಲ್ಲ. ಪ್ಲಗ್ಗಿನಿಂದ ಕರೆಂಟು ಕುಡಿಯುತ್ತಾ ತಿಂಗಳುಗಟ್ಟಲೆ ಎಚ್ಚರವಾಗಿಯೇ ಇರುತ್ತದೆ. ಹೇಳಿಕೇಳಿ ಅದೊಂದು ಪುಟ್ಟ ಕಂಪ್ಯೂಟರು, ಒಮ್ಮೊಮ್ಮೆ ತಲೆ ಕೆಡಿಸಿಕೊಂಡು ಕಲ್ಲಾಗುತ್ತದೆ. ಆಗ ಪೆಟ್ಟಿಗೆಯ ಪ್ಲಗ್ಗನ್ನೇ ಕಿತ್ತು, ಒಂದು ನಿಮಿಷ ಬಿಟ್ಟು ಮತ್ತೆ ಸಿಕ್ಕಿಸಬೇಕು. ಒಳಗೆ ಉಳಿದ ವಿದ್ಯುತ್ತು ಸೋರಿ ಹೋಗಿ ನೆನಪು ಅಳಿಸಿ ಹೊಸದಾಗಿ ಏಳಲು ಆ ಒಂದು ನಿಮಿಷ ಬೇಕು. ಪೆಟ್ಟಿಗೆಯನ್ನು ಟೀವಿಯ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿ ಕರೆಂಟು ಕೊಡುವ ರೂಢಿಯೂ ಉಂಟು. ಹಳೆಯ ಬಗೆಯ ಯುಎಸ್‌ಬಿ ಕಿಂಡಿ ಕೊಡುವುದು ಅರ್ಧ ಆಂಪಿಯರ್ ಮಾತ್ರ. ಹಲವು ಕಡ್ಡಿಗಳಿಗೆ ಅದು ಅರೆಹೊಟ್ಟೆ. ಅರೆಹೊಟ್ಟೆಯ ಪೆಟ್ಟಿಗೆ ಬಿಟ್ಟು ಬಿಟ್ಟು ಮೂರ್ಛೆ ಹೋಗುತ್ತದೆ, ಬೈಗುಳ ರಿಮೋಟಿಗೆ. ಜೊತೆಗೆ ಬಂದ ಅಡಾಪ್ಟರನ್ನೇ ಗೋಡೆಯ ಪ್ಲಗ್ಗಿಗೆ ಹಾಕುವುದು ಮೇಲು.

ಮೂರನೆಯದು ಜಾಗದ ದೋಷ. ಬ್ಲೂಟೂತ್ ಓಡಾಡುವುದು 2.4 ಗಿಗಾಹರ್ಟ್ಸ್ ಎಂಬ ಹೆದ್ದಾರಿಯಲ್ಲಿ. ಮನೆಯ ವೈಫೈಯೂ ಬಹುಮಟ್ಟಿಗೆ ಅಲ್ಲೇ, ಮೈಕ್ರೋವೇವ್ ಒಲೆಯಿಂದ ಸೋರುವ ಅಲೆಯೂ ಅಲ್ಲೇ. ಕಡ್ಡಿಯನ್ನು ಟೀವಿಯ ಬೆನ್ನಿನ ಲೋಹದ ತಗಡಿಗೆ ಒತ್ತಿ ಸಿಕ್ಕಿಸಿದರೆ ರಿಮೋಟಿನ ಕ್ಷೀಣ ದನಿ ಕೇಳಿಸದೆ ಹೋಗಬಹುದು. ಕೆಲವು ಕಡ್ಡಿಗಳ ಡಬ್ಬಿಯಲ್ಲಿ ಗೇಣುದ್ದದ ಎಚ್‌ಡಿಎಂಐ ಬಾಲವೊಂದಿರುತ್ತದೆ. ಅನೇಕರು ಅದನ್ನು ಡಬ್ಬಿಯಲ್ಲೇ ಬಿಟ್ಟು ಅಟ್ಟಕ್ಕೆ ಎಸೆದಿರುತ್ತಾರೆ. ಕಡ್ಡಿಯನ್ನು ತಗಡಿನಿಂದ ದೂರ ಇಳಿಬಿಡಲೆಂದೇ ಅದು ಇರುವುದು.

ಹುಡುಗ ಕಿಂಡಿ ನೋಡಿದ, ಪ್ಲಗ್ಗು ಕಿತ್ತು ಹಾಕಿದ. ಪೆಟ್ಟಿಗೆ ಚೆನ್ನಾಗಿಯೇ ಎದ್ದಿತು. ಆಮೇಲೆ ತನ್ನ ಮೊಬೈಲಿಗೆ ಪೆಟ್ಟಿಗೆಯ ಕಂಪನಿಯದೇ ಆದ ರಿಮೋಟ್ ಆ್ಯಪ್ ಹಾಕಿಕೊಂಡು, ಮನೆಯ ವೈಫೈಗೆ ಸೇರಿ, ಪರದೆಯ ಮೇಲೆ ಮೂಡಿದ ಅಂಕಿಗಳನ್ನು ಮೊಬೈಲಿಗೆ ಒತ್ತಿದ. ಮೊಬೈಲಿನ ಮೇಲೆ ಬೆರಳಾಡಿಸಿದಂತೆ ಟೀವಿಯಲ್ಲಿ ಬಾಣ ಓಡಿತು. ಪೆಟ್ಟಿಗೆ ಗಟ್ಟಿಮುಟ್ಟಾಗಿದೆ, ರೋಗ ರಿಮೋಟಿನಲ್ಲೇ ಇದೆ ಎಂಬುದು ಖಚಿತವಾಯಿತು. ಅಜ್ಜಿ ಅಲ್ಲಿಗೇ ಸಾಕೆಂದರು. 'ನನ್ನ ಮೊಬೈಲು ನನ್ನ ಜೊತೆ ಕಾಲೇಜಿಗೆ ಬರುತ್ತಲ್ಲ ಅಜ್ಜಿ, ನಾಳೆ ನಾಲ್ಕು ಗಂಟೆಗೆ ಎಂತ ಮಾಡ್ತೀರಿ?' ಎಂದ ಹುಡುಗ ಬಿಡಲಿಲ್ಲ.

ಈ ಆ್ಯಪ್ ಉಪಾಯಕ್ಕೆ ಒಂದು ತೊಡಕಿದೆ. ಮೊಬೈಲು ಮತ್ತು ಪೆಟ್ಟಿಗೆ ಎರಡೂ ಒಂದೇ ವೈಫೈಯಲ್ಲಿರಬೇಕು. ಮನೆ ಬದಲಿಸಿದ್ದೀರಿ, ವೈಫೈ ಹೆಸರು ಬದಲಾಗಿದೆ, ರಿಮೋಟೂ ಕೆಟ್ಟಿದೆ ಎಂದಿಟ್ಟುಕೊಳ್ಳಿ. ಹೊಸ ವೈಫೈಗೆ ಪೆಟ್ಟಿಗೆಯನ್ನು ಸೇರಿಸಲು ರಿಮೋಟು ಬೇಕು, ರಿಮೋಟಿನ ಬದಲಿಗೆ ಮೊಬೈಲು ಬಳಸಲು ವೈಫೈ ಬೇಕು! ಇದಕ್ಕೂ ದಾರಿಯಿದೆ. ಇನ್ನೊಂದು ಮೊಬೈಲಿನ ಹಾಟ್‌ಸ್ಪಾಟಿಗೆ ಹಳೆಯ ವೈಫೈಯ ಹೆಸರು ಮತ್ತು ಪಾಸ್‌ವರ್ಡನ್ನೇ ಅಕ್ಷರ ತಪ್ಪದೆ ಕೊಡಿ. ಪೆಟ್ಟಿಗೆ ಹಳೆಯ ಗೆಳೆಯನೇ ಬಂದನೆಂದು ನಂಬಿ ಸೇರಿಕೊಳ್ಳುತ್ತದೆ. ಆ್ಯಪ್ ಇರುವ ಮೊಬೈಲನ್ನೂ ಅದಕ್ಕೇ ಸೇರಿಸಿದರೆ ಕೆಲಸ ನಡೆಯುತ್ತದೆ. ಟೀವಿಯ ಸೆಟ್ಟಿಂಗ್ಸ್‌ನಲ್ಲಿ ಸಿಇಸಿ ಎಂಬ ಸೌಲಭ್ಯ ಚಾಲೂ ಇದ್ದರೆ ಟೀವಿಯ ರಿಮೋಟಿನ ಬಾಣಗಳೇ ಎಚ್‌ಡಿಎಂಐ ತಂತಿಯ ಮೂಲಕ ಪೆಟ್ಟಿಗೆಯನ್ನು ಆಡಿಸುವುದೂ ಉಂಟು. ಮೊದಲೇ ಒಮ್ಮೆ ಪರೀಕ್ಷಿಸಿ ಇಟ್ಟುಕೊಂಡರೆ ಕಷ್ಟಕಾಲಕ್ಕೆ ಆದೀತು.

ಮತ್ತೆ ಪರಿಚಯ

ಹುಡುಗ ಮುಂದೆ ಮಾಡಿದ್ದು ಪೇರಿಂಗ್. ಪೆಟ್ಟಿಗೆ ಎಚ್ಚರವಿರುವಾಗ ಅದರ ಹತ್ತಿರ ಕೂತು ರಿಮೋಟಿನ ನಿಗದಿತ ಗುಂಡಿಯನ್ನು ಒತ್ತಿ ಹಿಡಿಯಬೇಕು. ಫೈರ್ ಟೀವಿ ಕಡ್ಡಿಗಾದರೆ ಹೋಂ ಗುಂಡಿಯನ್ನು ಹತ್ತು ಸೆಕೆಂಡು. ಗೂಗಲ್ ಟೀವಿಯ ಕ್ರೋಮ್‌ಕಾಸ್ಟ್‌ಗಾದರೆ ಬ್ಯಾಕ್ ಮತ್ತು ಹೋಂ ಎರಡನ್ನೂ ಒಟ್ಟಿಗೆ, ದೀಪ ಮಿನುಗುವ ತನಕ. ಅಮೆರಿಕದ ಮಕ್ಕಳ ಮನೆಗೆ ಹೋಗಿ ಬಂದವರಿಗೆ ಪರಿಚಯವಿರುವ ರೋಕು ಪೆಟ್ಟಿಗೆಯ ಮೈಕಿರುವ ರಿಮೋಟುಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ಗುಂಡಿಯಿದೆ. ಹಲವು ಮಾದರಿಗಳಲ್ಲಿ ಅದು ಸೆಲ್ಲಿನ ಗೂಡಿನೊಳಗೇ ಅಡಗಿರುತ್ತದೆ. ಕೇಬಲ್ಲಿನವರು, ಇಂಟರ್ನೆಟ್ಟಿನವರು ಕೊಡುವ ಪೆಟ್ಟಿಗೆಗಳಲ್ಲಿ ಒಂದೊಂದಕ್ಕೆ ಒಂದೊಂದು ಜೋಡಿ ಗುಂಡಿ. ಚೀಟಿಯಲ್ಲಿ ಬರೆದಿರುತ್ತದೆ. ಆ ಚೀಟಿಯನ್ನು ಎಸೆಯುವ ಮುನ್ನ ಗುಂಡಿಗಳ ಹೆಸರನ್ನು ಟೀವಿಯ ಬೆನ್ನಿಗೆ ಬರೆದು ಅಂಟಿಸಿದವರೇ ಜಾಣರು.

ಸಾಗರದ ಹುಡುಗ ಹತ್ತು ಸೆಕೆಂಡು ಒತ್ತಿದ. ರಿಮೋಟಿನ ದೀಪ ಒಂದು ಸಲ ಮಿಣುಕಿ ಮಂಕಾಯಿತು. ಮತ್ತೆ ಒತ್ತಿದ. ಮತ್ತೆ ಮಂಕು. 'ಅಜ್ಜಿ, ಸೆಲ್ಲು ಯಾವಾಗ ಹಾಕಿದ್ದು?' 'ಹೋದ ತಿಂಗಳಷ್ಟೇ ಹೊಸಾ ಜೋಡಿ ಹಾಕಿದ್ದೇನೆ. ದೀಪ ಬರ್ತದಲ್ಲ, ಮತ್ತೆ?'

ಇಲ್ಲೇ ಎಲ್ಲರೂ ಎಡವುವುದು. ದೀಪ ಬಂದ ಮಾತ್ರಕ್ಕೆ ಸೆಲ್ಲು ಗಟ್ಟಿಯೆಂದಲ್ಲ. ಸಣ್ಣ ದೀಪ ಮಿಣುಕಲು ಸಾಸಿವೆಯಷ್ಟು ವಿದ್ಯುತ್ತು ಸಾಕು. ರೇಡಿಯೊ ಮಾತು ಹೊರಡುವಾಗ ಮಾತ್ರ ಒಮ್ಮೆಲೇ ಹೆಚ್ಚಿನ ವಿದ್ಯುತ್ತು ಬೇಕು. ಸವೆದ ಸೆಲ್ಲಿನ ಒಳಗಿನ ತಡೆ ಜಾಸ್ತಿಯಾಗಿರುತ್ತದೆ, ಒಮ್ಮೆಲೇ ಎಳೆದರೆ ಅದರ ವೋಲ್ಟೇಜು ಕುಸಿದು ರಿಮೋಟು ಬಾಯಿ ಮುಚ್ಚುತ್ತದೆ. ಒಲೆಯ ಪಕ್ಕ ಬಿಸಿ ಮಾಡಿದಾಗ ಒಳಗಿನ ರಾಸಾಯನಿಕ ಕ್ರಿಯೆ ತುಸು ಚುರುಕಾಗಿ ಕ್ಷಣಕಾಲ ಜೀವ ಬಂದಂತೆ ಕಾಣುತ್ತದೆ, ಅಷ್ಟೆ. ಹೊಸ ಶಕ್ತಿಯೇನೂ ಸೇರುವುದಿಲ್ಲ. ಶಾಖ ಹೆಚ್ಚಾದರೆ ಸೆಲ್ಲು ಸೋರುತ್ತದೆ, ಒಡೆಯಲೂಬಹುದು. ಬಿಸಿಲಿಗಿಡುವ, ಹಲ್ಲಿನಲ್ಲಿ ಕಚ್ಚುವ ಟಾರ್ಚಿನ ಕಾಲದ ಚಿಕಿತ್ಸೆಗಳನ್ನು ಇನ್ನಾದರೂ ಬಿಡುವುದು ಕ್ಷೇಮ.

ಹುಡುಗ ಸೆಲ್ಲುಗಳನ್ನು ಹೊರತೆಗೆದು ಬೆಳಕಿಗೆ ಹಿಡಿದ. ಒಂದು ಕೆಂಪು, ಒಂದು ಹಸಿರು. ಎರಡು ಬೇರೆ ಬೇರೆ ಕಂಪನಿಯವು! 'ಹೊಸಾ ಜೋಡಿ ಅಂದ್ರಲ್ಲ ಅಜ್ಜಿ?'

ಅಜ್ಜನನ್ನು ನೋಡಿಕೊಳ್ಳಲು ಬೆಳಿಗ್ಗೆ ಬಂದು ಹೋಗುವ ನರ್ಸಮ್ಮನಿಗೆ ಫೋನು ಹೋಯಿತು. ಗುಟ್ಟು ಬಯಲಾದದ್ದು ಆಗ. ಮೂರು ದಿನದ ಹಿಂದೆ ಅಜ್ಜನ ಮಣಿಕಟ್ಟಿಗೆ ಕಟ್ಟುವ ಬಿಪಿ ಯಂತ್ರದ ಸೆಲ್ಲು ಮುಗಿದಿತ್ತು. ಅಂದು ಅಜ್ಜನ ಮುಖ ಕೆಂಪಡರಿದಂತಿತ್ತು, ಬಿಪಿ ನೋಡದೆ ಬಿಡುವಂತಿರಲಿಲ್ಲ. ಪೇಟೆ ದೂರ, ಮಳೆ ಬೇರೆ. ಎರಡರದ್ದೂ ಒಂದೇ ಅಳತೆಯ ಸಣ್ಣ ಸೆಲ್ಲು. ನರ್ಸಮ್ಮ ರಿಮೋಟಿನಿಂದ ಒಂದು ಸೆಲ್ಲು ತೆಗೆದು ಬಿಪಿ ಯಂತ್ರಕ್ಕೆ ಹಾಕಿ, ಅದರ ಹಳೆಯದನ್ನು ರಿಮೋಟಿಗೆ ಹಾಕಿದ್ದರು. 'ಟಾರ್ಚಿಗೆ ಬಾರದ ಸೆಲ್ಲು ಗಡಿಯಾರಕ್ಕೆ ಆಗ್ತದಲ್ಲಮ್ಮ, ಹಾಗೇ ರಿಮೋಟಿಗೂ ಆಗ್ತದೆ ಅಂದ್ಕೊಂಡೆ. ಹೇಳೋದು ಮರೆತೇಬಿಟ್ಟೆ' ಎಂದರು.

ಆಕೆಯ ಲೆಕ್ಕ ಪೂರ್ತಿ ತಪ್ಪಲ್ಲ. ಗಾಳಿ ಒತ್ತುವ ಮೋಟಾರು ಇರುವ ಬಿಪಿ ಯಂತ್ರಕ್ಕೆ ಸಾಲದ ಸೆಲ್ಲು ಗಡಿಯಾರವನ್ನು ತಿಂಗಳುಗಟ್ಟಲೆ ನಡೆಸೀತು. ಹಳೆಯ ಕಾಲದ ಬೆಳಕಿನ ರಿಮೋಟಾಗಿದ್ದರೆ ಅದೂ ಕೆಲ ವಾರ ನಡೆದೀತು. ರೇಡಿಯೊ, ಮೈಕು ಎಲ್ಲ ಇರುವ ಹೊಸ ರಿಮೋಟಿನ ಹಸಿವು ಅದಕ್ಕಿಂತ ಜಾಸ್ತಿ. ಸಾಲಾಗಿ ಕೂತ ಎರಡು ಸೆಲ್ಲುಗಳಲ್ಲಿ ಒಂದು ಬಳಲಿದ್ದರೆ ಇನ್ನೊಂದರ ಕಸುವೂ ದಂಡ. ಅಷ್ಟೇ ಅಲ್ಲ, ಗಟ್ಟಿ ಸೆಲ್ಲು ಬಳಲಿದ ಸೆಲ್ಲಿನ ಮೂಲಕ ವಿದ್ಯುತ್ತನ್ನು ಬಲವಂತವಾಗಿ ನೂಕುವುದರಿಂದ ಬಳಲಿದ್ದು ಬೇಗ ಸೋರುತ್ತದೆ. ಆದ್ದರಿಂದ ಹಾಕುವುದಾದರೆ ಎರಡನ್ನೂ ಹೊಸದಾಗಿ, ಒಂದೇ ಕಂಪನಿಯದನ್ನು, ಒಂದೇ ದಿನ ಹಾಕಬೇಕು.

ಗೂಡಿನ ಸ್ವಚ್ಛತೆ

ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇನ್ನೊಂದು ಶತ್ರು ತೇವ. ಸೆಲ್ಲಿನ ಗೂಡಿನ ಸ್ಪ್ರಿಂಗು ಕಿಲುಬು ಹಿಡಿದು ಹಸಿರಾಗಿದ್ದರೆ ಹೊಸ ಸೆಲ್ಲು ಹಾಕಿಯೂ ಫಲವಿಲ್ಲ. ಶಾಲೆಯ ಮಕ್ಕಳ ರಬ್ಬರಿನಿಂದ ಗಟ್ಟಿಯಾಗಿ ಉಜ್ಜಿದರೆ ತೆಳುವಾದ ಕಿಲುಬು ಹೋಗುತ್ತದೆ. ಆಲ್ಕಲೈನ್ ಸೆಲ್ಲು ಸೋರಿ ಬಿಳಿ ಪುಡಿ ಕಟ್ಟಿದ್ದರೆ ಅದು ಕ್ಷಾರ, ಬರಿಗೈಯಲ್ಲಿ ಮುಟ್ಟಿ ಕಣ್ಣುಜ್ಜಿಕೊಳ್ಳಬಾರದು. ಹತ್ತಿಯ ತುದಿಗೆ ಎರಡು ಹನಿ ನಿಂಬೆರಸವನ್ನೋ ವಿನೆಗರನ್ನೋ ಹಾಕಿ ಒರೆಸಿ, ಮೇಲೆ ಸರ್ಜಿಕಲ್ ಸ್ಪಿರಿಟ್ಟಿನಿಂದ ಒರೆಸಿ ಒಣಗಲು ಬಿಡಬೇಕು.

ಒಂದೆರಡು ಗುಂಡಿಗಳು ಮಾತ್ರ ಕೆಲಸ ಮಾಡದಿದ್ದರೆ ಅದು ಸೆಲ್ಲಿನ ದೋಷವಲ್ಲ. ರಬ್ಬರ್ ಗುಂಡಿಯ ಕೆಳಗೆ ಕರಿಯ ಇಂಗಾಲದ ಬಿಲ್ಲೆಯಿರುತ್ತದೆ. ಒತ್ತಿದಾಗ ಅದು ಕೆಳಗಿನ ಎರಡು ಗೆರೆಗಳನ್ನು ಬೆಸೆಯುತ್ತದೆ. ಬೋಂಡ ತಿಂದ ಕೈಯ ಎಣ್ಣೆ, ಚೆಲ್ಲಿದ ಕಾಫಿ ಒಳಗಿಳಿದರೆ ಬೆಸುಗೆಯಾಗದು. ಬಿಚ್ಚಿ ಸ್ಪಿರಿಟ್ಟಿನಿಂದ ಮೃದುವಾಗಿ ಒರೆಸಿದರೆ ಸಾಕು. ಉಗುರಿನ ಬಣ್ಣ ತೆಗೆಯುವ ದ್ರವವನ್ನು ಮಾತ್ರ ಬಳಸಬೇಡಿ, ಅದು ಪ್ಲಾಸ್ಟಿಕ್ಕನ್ನೇ ಕರಗಿಸೀತು. ರಿಮೋಟಿಗೆ ತೊಡಿಸಿದ ಬಿಗಿ ಪ್ಲಾಸ್ಟಿಕ್ ಅಂಗಿಯೂ ಒಮ್ಮೊಮ್ಮೆ ಅಪರಾಧಿ. ಒಂದು ಗುಂಡಿಯನ್ನು ಅದು ಸದಾ ಒತ್ತಿ ಹಿಡಿದಿದ್ದರೆ ಉಳಿದ ಗುಂಡಿಗಳ ಮಾತು ನಡೆಯದು, ಸೆಲ್ಲೂ ಬೇಗ ಬರಿದು.

ಇಷ್ಟೆಲ್ಲ ಆದ ಮೇಲೂ ಏಳದಿದ್ದರೆ ಹೊಸ ರಿಮೋಟು ಕೊಳ್ಳುವುದೇ ಸರಿ. ಸಂತೆಯಲ್ಲಿ ಅದೇ ಆಕಾರದ ಅಗ್ಗದ ರಿಮೋಟು ಸಿಗುತ್ತದೆ. ಅದು ಬರೀ ಬೆಳಕಿನ ಭಾಷೆಯದಾದರೆ ರೇಡಿಯೊ ಪೆಟ್ಟಿಗೆಯ ಮುಂದೆ ಮೂಕ. ಪೆಟ್ಟಿಗೆಯ ಮಾದರಿಯ ಹೆಸರು ಬರೆದುಕೊಂಡು ಹೋಗಿ, ಅದಕ್ಕೇ ಹೊಂದುವುದೆಂದು ಖಾತ್ರಿ ಮಾಡಿಕೊಂಡು ಕೊಳ್ಳಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇನ್ನೊಂದು ಎಚ್ಚರ. ಕೆಲವು ಪುಟ್ಟ ರಿಮೋಟುಗಳಲ್ಲಿ ನಾಣ್ಯದಂಥ ಲಿಥಿಯಂ ಸೆಲ್ಲಿರುತ್ತದೆ. ಮಗು ಅದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟ ಗಾಯ ಮಾಡಬಲ್ಲದು. ವಾಂತಿ ಮಾಡಿಸಲು ಹೋಗದೆ, ನಾಳೆ ನೋಡೋಣವೆನ್ನದೆ, ಆ ಗಳಿಗೆಯೇ ದೊಡ್ಡಾಸ್ಪತ್ರೆಗೆ ಓಡಬೇಕು. ಮುಗಿದ ಸೆಲ್ಲನ್ನು ತೋಟಕ್ಕೋ ಒಲೆಗೋ ಎಸೆಯಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಅದನ್ನು ಹಸಿ ಕಸ, ಒಣ ಕಸಗಳಿಂದ ಬೇರೆಯಾಗಿಟ್ಟು ಸಂಗ್ರಹಿಸುವವರಿಗೆ ಕೊಡಬೇಕು.

ಸಾಗರದ ಆ ಮನೆಯಲ್ಲಿ ಹುಡುಗ ತನ್ನ ಮನೆಗೆ ಓಡಿ ಗೋಡೆಗೆ ನೇತುಹಾಕಿದ್ದ ಏಸಿ ರಿಮೋಟಿನಿಂದ ಎರಡು ಸೆಲ್ಲು ಬಿಚ್ಚಿ ತಂದ. 'ಮಳೆಗಾಲದಲ್ಲಿ ಏಸಿ ಯಾರಿಗೆ ಬೇಕು' ಎಂದ. ಗೂಡಿನ ಸ್ಪ್ರಿಂಗು ಉಜ್ಜಿ, ಸೆಲ್ಲು ಕೂರಿಸಿ, ಹೋಂ ಗುಂಡಿಯನ್ನು ಹತ್ತು ಸೆಕೆಂಡು ಹಿಡಿದ. ಪರದೆಯ ಮೂಲೆಯಲ್ಲಿ ರಿಮೋಟು ಸೇರಿತೆಂಬ ಸೂಚನೆ ಮೂಡಿತು. ನಾಳೆ ಪೇಟೆಯಿಂದ ನಾಲ್ಕು ಸೆಲ್ಲಿನ ಎರಡು ಪೊಟ್ಟಣ ತರಬೇಕು, ಒಂದನ್ನು ಬಿಪಿ ಯಂತ್ರದ ಡಬ್ಬಿಯಲ್ಲೇ ಇಡಬೇಕು ಎಂದು ತೀರ್ಮಾನವಾಯಿತು. ಪೆಟ್ಟಿಗೆಯ ಜೊತೆ ಬಂದ ಚೀಟಿಯನ್ನು ಹುಡುಕಿ ತೆಗೆದು, ಅದರಲ್ಲಿದ್ದ ಸಹಾಯವಾಣಿಯ ನಂಬರನ್ನೂ 1930ನ್ನೂ ದಪ್ಪ ಅಕ್ಷರದಲ್ಲಿ ಬರೆದು ಗೋಡೆಯ ಕ್ಯಾಲೆಂಡರಿಗೆ ಅಂಟಿಸಿದ್ದಾಯಿತು.

'ಹಂಗಾದ್ರೆ ನಾನು ಹಾಳು ಮಾಡಿದ್ದಲ್ಲ?' ಎಂದು ಅಜ್ಜಿ ಇನ್ನೊಮ್ಮೆ ಕೇಳಿದರು.

'ಅಲ್ಲ ಅಜ್ಜಿ.'

ಅಷ್ಟರಲ್ಲಿ ಆರು ಗಂಟೆ ದಾಟಿತ್ತು. ಅಜ್ಜಿ ತಾವೇ ಗುಂಡಿ ಒತ್ತಿದರು. ಮದ್ದಳೆಯ ಮೊದಲ ಪೆಟ್ಟು ಕೇಳಿಸಿದ್ದೇ ಮಂಚದ ಅಂಚಿನ ಕುಟ್ಟುವಿಕೆ ಮತ್ತೆ ಶುರುವಾಯಿತು. ಈ ಸಲ ಅದು ಸರಿಯಾಗಿ ತಾಳಕ್ಕೆ ಬೀಳುತ್ತಿತ್ತು.